ಹಾಡಿಲ್ಲದ ಮದುವೆ ಡಿಸ್ಕು

ಯಾದಗಿರಿ,
೧೭ ಫೆಬ್ರುವರಿ ೨೦೧೯, ಭಾನುವಾರ

ಪ್ರೀತಿಯ ಅಕ್ಕಾ,

ದಿನಾ ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹಾಕುವ ತಮ್ಮ ಹೀಗೆ ಅಂಚೆ ಕವರಿನಲ್ಲಿ ಬಂದದ್ದಕ್ಕೆ ಮೊದಲು ಕ್ಷಮಿಸು. ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿಯೇ ಇದ್ದಾರೆ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಹಚ್ಚಿದೆ. ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರ್ ಮೇಲೆ ಇರುತ್ತದೆ. ಭಾವ "ಏನ್ರೀ ಇಂಜಿನಿಯರ್ ಸಾಹೇಬ್ರ, ಆರಾಮ್?" ಅನ್ನುತ್ತಾರೆ, ಬಿಸಿಎ ಮೊದಲ ವರ್ಷದವನು ಇಂಜಿನಿಯರ್ ಅಲ್ಲವೆಂದು ತಿದ್ದುವುದನ್ನೂ ಬಿಟ್ಟು ನಾನು "ಆಲ್ ಗುಡ್ ಭಾವ, ಎವೆರಿಥಿಂಗ್ ಫೈನ್" ಎನ್ನುತ್ತೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನಿಗೆ ಸುಳ್ಳು ಹೇಳಲು ಇಂಗ್ಲಿಷ್ ಸಲೀಸು. ಕನ್ನಡದಲ್ಲಿ, ಅದೂ ಪೆನ್ನು ಹಿಡಿದು, ಅಷ್ಟು ಬೇಗ ಬರುವುದಿಲ್ಲ. ಅದಕ್ಕೇ ಕಾಗದ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡ, ಟೀಚರಮ್ಮಾ.

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ನಿಂತೇ ಪಾಠ ಮಾಡಬೇಡ. ಹುಮನಾಬಾದಿನ ನೀರು ಈಗಲಾದರೂ ಒಗ್ಗಿತೇ? ಸಗರದಲ್ಲಿ ಅಪ್ಪ ಆರಾಮ. ಅವ್ವ ಹತ್ತಿ ಬಿಡಿಸಲು ಹೋಗಿ ಬೆರಳ ತುದಿಯೆಲ್ಲ ಗೀರಿಸಿಕೊಂಡಿದ್ದಾಳೆ, ಕೊಬ್ಬರಿ ಎಣ್ಣೆ ಹಚ್ಚಿದರೆ "ಸಾಕ್ ಬಿಡಪ, ನಾ ಏನ್ ಮದಿಮಗಳೇನು" ಎಂದು ಕೈ ಕಿತ್ತುಕೊಳ್ಳುತ್ತಾಳೆ. ಸಾವಿತ್ರಿಬಾಯಿ ಅತ್ತೆಯ ಕುತ್ತಿಗೆಯ ಗಾಯ ಒಣಗಿದೆ. ನೀನು ಕಲಬುರಗಿಗೆ ಬಂದು ನೋಡಿಹೋದಾಗ ಇದ್ದ ಪಟ್ಟಿ ತೆಗೆದಿದ್ದಾರೆ. ಮೆತ್ತಗಿನ ಅನ್ನ, ಹೆಸರುಬೇಳೆ ಇಳಿಯುತ್ತದೆ. ಸ್ವರ ಮಾತ್ರ ಬಂದಿಲ್ಲ, ಅಕ್ಕಾ. ಗಡ್ಡೆ ತೆಗೆಯುವ ಮೊದಲೇ ಡಾಕ್ಟರು ಹೀಗಾಗಬಹುದು ಎಂದಿದ್ದರಲ್ಲ, ಹೋದ ವಾರ ತೋರಿಸಲು ಹೋದಾಗ ಇನ್ನು ಇಷ್ಟೇ ಎಂದರಂತೆ. ಮಾತಾಡಿದರೆ ಬರೀ ಉಸಿರು ಬರುತ್ತದೆ. ಬಾಯಿಯ ಹತ್ತಿರ ಕಿವಿ ಒಡ್ಡಬೇಕು. ಸಗರದ ಮೂರು ಓಣಿ ಆಚೆಗೆ ಕೇಳುವ ಹಾಗೆ ಹಾಡುತ್ತಿದ್ದ ಅತ್ತೆ ಈಗ ಆಡನ್ನು ಓಡಿಸಲು ಕೈ ತಟ್ಟುತ್ತಾಳೆ.

ನಿನ್ನ ಮದುವೆಯ ವಿಡಿಯೋ ವಿಷಯ ಹೇಳಬೇಕು. ಶಹಾಪುರದ ಅಲ್ತಾಫಣ್ಣ ಜುಲೈಯಲ್ಲಿ ಎಲ್ಲ ಶೂಟಿಂಗನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಿದ್ದು ನಿನಗೆ ಗೊತ್ತು. ನಾಲ್ಕೂವರೆ ತಾಸಿನ ಫೈಲುಗಳು. ನಮ್ಮ ಮನೆಯ ಡಬ್ಬಿ ಟೀವಿಗೆ ಪೆನ್‌ಡ್ರೈವ್ ಚುಚ್ಚುವ ಜಾಗವೇ ಇಲ್ಲ, ಇರುವುದು ಹಳೆಯ ಡಿವಿಡಿ ಪ್ಲೇಯರ್. ಅಲ್ತಾಫಣ್ಣ ಡಿಸ್ಕ್ ತಾನೇ ಮಾಡಿಕೊಡುತ್ತೇನೆ ಎಂದಾಗ, "ಬ್ಯಾಡ್ರಿ, ನಮ್ಮ ಹುಡುಗ ಕಂಪ್ಯೂಟರ್ ಓದಾಕತ್ತಾನ, ಅವನs ಮಾಡ್ತಾನ" ಎಂದು ಅಪ್ಪ ಅಂಗಡಿಯಲ್ಲಿ ನಿಂತು ಹೇಳಿದ. ಆಗ ನನ್ನ ಮುಖ ನೋಡಬೇಕಿತ್ತು ನೀನು. ಕಾಲೇಜು ಸೇರಿ ಹದಿನೈದು ದಿನವಾಗಿತ್ತು, ಫೈಲ್ ಕಾಪಿ ಮಾಡುವುದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಆದರೂ "ಸಿಂಪಲ್ ಇದೆ ಅಪ್ಪ" ಎಂದೆ.

ಸಿಂಪಲ್ ಇರಲಿಲ್ಲ. ಆ ಪ್ಲೇಯರು ನಮ್ಮ ಅಜ್ಜಿಯ ಹಾಗೆ, ತನಗೆ ರೂಢಿಯಾದದ್ದು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕ್ಯಾಮೆರಾದ ಫೈಲನ್ನು ಹಾಗೇ ಡಿಸ್ಕಿಗೆ ಬರೆದರೆ "ನೋ ಡಿಸ್ಕ್" ಅನ್ನುತ್ತದೆ. ಮೊದಲು ಎಲ್ಲವನ್ನೂ ಎಂಪೆಗ್ ಎರಡು ಎಂಬ ಹಳೆಯ ನಮೂನೆಗೆ ಕನ್ವರ್ಟ್ ಮಾಡಬೇಕು, ಟೀವಿಯ ಅಳತೆಗೆ ಕುಗ್ಗಿಸಬೇಕು, ಆಮೇಲೆ ನಿಧಾನದ ಸ್ಪೀಡಿನಲ್ಲಿ ಬರ್ನ್ ಮಾಡಬೇಕು. ಅವಸರ ಮಾಡಿದರೆ ಹಳೆಯ ಪ್ಲೇಯರಿಗೆ ಓದಲು ಬರುವುದಿಲ್ಲ. ರೂಮ್‌ಮೇಟ್ ಬಸವಲಿಂಗನ ಲ್ಯಾಪ್‌ಟಾಪಿನಲ್ಲಿ ದಸರಾ ರಜೆಯ ನಾಲ್ಕು ಮಧ್ಯಾಹ್ನ ಇದೇ ಕೆಲಸ. ಮೊದಲ ಡಿಸ್ಕಿನಲ್ಲಿ ಅಗಲದ ಲೆಕ್ಕ ತಪ್ಪಿ ಎಲ್ಲರೂ ಸಪೂರ ಆದರು. ಭಾವ ಊದುಬತ್ತಿಯ ಹಾಗೆ ನಿಂತಿದ್ದರು. ಎರಡನೆಯದರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಬಸವಲಿಂಗ ನಕ್ಕು ನಕ್ಕು "ಲೇ, ಅಷ್ಟೂ ತಾಸು ಒಂದs ಡಿಸ್ಕಿನ್ಯಾಗ ತುರುಕಬ್ಯಾಡ. ಮಂಜು ಮಂಜು ಕಾಣ್ತದ. ಎರಡು ತಾಸು ಇಡು, ಉಳದದ್ದು ತಗಿ" ಎಂದ. ಆ ಮಾತು ನಿಜವೇ. ತಾಸು ಹೆಚ್ಚಿದಷ್ಟೂ ಬಿಟ್‌ರೇಟ್ ಇಳಿಯುತ್ತದೆ, ಮುಖಗಳು ಚೌಕ ಚೌಕ ಒಡೆಯುತ್ತವೆ. ಹೀಗೆ ತೆಗೆಯಲು ಒಂದು ಒಳ್ಳೆಯ ಕಾರಣ ನನ್ನ ಕೈಗೆ ಸಿಕ್ಕಿತು.

ನಾನು ಏನು ಇಟ್ಟೆ ಕೇಳು. ಊಟದ ಪಂಕ್ತಿ ಹದಿನೆಂಟು ನಿಮಿಷ ಇಟ್ಟೆ. ಸುರಪುರದಿಂದ ಬೀಗರು ತಂದ ಡಿಜೆಯ ಮುಂದೆ ಹುಡುಗರು ಕುಣಿದದ್ದು ಅರ್ಧ ತಾಸು ಇಟ್ಟೆ. ಕುಕ್ಕರ್ ಕೊಟ್ಟವರು, ಗೋಡೆ ಗಡಿಯಾರ ಕೊಟ್ಟವರು, ಫೋಟೋಕ್ಕೆ ನಿಂತವರು ಎಲ್ಲರನ್ನೂ ಇಟ್ಟೆ. ಅತ್ತೆ ಹಾಡಿದ ಹೆಸರಿನ ಪದವನ್ನು ಮಾತ್ರ ಕತ್ತರಿಸಿ ತೆಗೆದೆ. ಇಪ್ಪತ್ತೆರಡು ನಿಮಿಷ. ಅದು ಶುರುವಾಗುವ ಕಡೆ ಒಂದು ಗುರುತು, ಮುಗಿಯುವ ಕಡೆ ಒಂದು ಗುರುತು, ನಡುವಿನದು ಡಿಲೀಟ್. ನಮ್ಮ ಓಣಿಯಲ್ಲಿ ಮಗಳು ಮನೆ ಬಿಡುವ ಮೊದಲು ಹಿರಿಯಳು ಒಂದೊಂದು ಮನೆಯ ಹೆಸರು ತೆಗೆದು, ಆ ಮನೆಯವರು ಏನೇನು ದುಡಿದರು ಎಂದು ಕಟ್ಟಿ ಹಾಡುವುದು, ಹೆಸರು ಬಂದವರು ಎದ್ದು ಬಂದು ನಿನ್ನ ಉಡಿಗೆ ಒಂದು ಹಿಡಿ ಜೋಳ ಹಾಕುವುದು, ಇದೆಲ್ಲ ನಿನಗೆ ನಾನು ಹೇಳಬೇಕೇ? ಆದರೆ ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನಾನು "ಶಹಾಪುರ ಟೌನ್, ಫಾದರ್ ಇರಿಗೇಶನ್" ಎಂದು ಹೇಳಿಕೊಂಡಿದ್ದೆ. ನಾರಾಯಣಪುರದ ಕಾಲುವೆಯ ಹೂಳು ತೆಗೆಯಲು ಅಪ್ಪ ವರ್ಷಕ್ಕೆ ಎರಡು ತಿಂಗಳು ಕೂಲಿಗೆ ಹೋಗುವುದೂ ಇರಿಗೇಶನ್ನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅತ್ತೆ ಒಂದು ಕೈ ಕಿವಿಗಿಟ್ಟು ಶುರು ಮಾಡಿದಳು.

ಗೌಡರ ಕೊಟ್ಟಿಗ್ಯಾಗ ಸೆಗಣಿ ಬಳದಾಕಿ ಸೊಸಿ
ಹಲಗಿ ಮುಂದ ಖಡು ಹಿಡದಾಳ
ಕಾಲಾಗ ಕೆರವಿಲ್ದ ಕಾಲುವಿ ಕಡದಾವನ ಮಗಳು
ಕುರ್ಚಿ ಮ್ಯಾಲ ಕುಂತು ಹಾಜರಿ ಕೂಗ್ಯಾಳ

ಪಕ್ಕದ ಮಂಚದಲ್ಲಿ ಬಸವಲಿಂಗ, ಬಾಗಿಲಲ್ಲಿ ಇನ್ನಿಬ್ಬರು. ನನ್ನ ಕಿವಿ ಸುಟ್ಟ ಹಾಗಾಯಿತು. ಥಟ್ಟನೆ ಸೌಂಡ್ ಬಂದ್ ಮಾಡಿಬಿಟ್ಟೆ. ಸೀಮೆಸುಣ್ಣದ, ಹಾಜರಿಯ ಆ ನಿನ್ನ ಪಾಲಿನ ಸಾಲುಗಳನ್ನು ಮದುವೆಯ ದಿನ ಕೇಳಿ ನೀನು ಅತ್ತೆಯ ಕಾಲು ಹಿಡಿದು ಅತ್ತಿದ್ದೆ. ಅದೇ ಸಾಲು ಕೇಳಿ ನಾನು ಬಾಗಿಲ ಕಡೆ ನೋಡಿದೆ, ಯಾರಾದರೂ ಕೇಳಿಸಿಕೊಂಡರೇ ಎಂದು. ಇಷ್ಟೇ ಅಕ್ಕಾ ನಡೆದದ್ದು. ಡಿಸ್ಕಿನಲ್ಲಿ ಜಾಗವಿಲ್ಲದೆ ಹೋದದ್ದಲ್ಲ.

ದೀಪಾವಳಿಗೆ ಡಿಸ್ಕ್ ತಂದುಕೊಟ್ಟಾಗ ಪ್ಲೇಯರಿನ ಲೆನ್ಸ್ ಕೆಟ್ಟಿತ್ತು. ಅವ್ವ ಅದನ್ನು ನಿನ್ನ ಮದುವೆ ಸೀರೆಯ ಡಬ್ಬಿಯಲ್ಲಿ ಇಟ್ಟಳು, ಎಲ್ಲರೂ ಮರೆತರು. ನಾನು ನಿರಾಳವಾದೆ. ಪೆನ್‌ಡ್ರೈವ್ ಖಾಲಿ ಮಾಡಿ ಸಿನೆಮಾ ತುಂಬಿಕೊಂಡೆ. ಜನವರಿಯಲ್ಲಿ ಅತ್ತೆಗೆ ಆಪರೇಶನ್ ಆಯಿತು. ಸ್ವರ ಹೋಯಿತೆಂದ ಮೇಲೆ ಅಪ್ಪ ಯಾರಿಗೂ ಹೇಳದೆ ಪ್ಲೇಯರನ್ನು ಪಂಚೆಯಲ್ಲಿ ಸುತ್ತಿ ಶಹಾಪುರಕ್ಕೆ ಒಯ್ದು ಲೆನ್ಸ್ ಹಾಕಿಸಿಕೊಂಡು ಬಂದ. "ನಮ್ಮಕ್ಕನ ದನಿ ಡಿಸ್ಕಿನ್ಯಾಗ ಅದ, ಎಲ್ಲಿಗೂ ಹೋಗಿಲ್ಲ" ಎಂದು ಓಣಿಯಲ್ಲೆಲ್ಲ ಹೇಳಿದ. ಹೋದ ಭಾನುವಾರ ನನ್ನನ್ನೂ ಬರಲು ಹೇಳಿದ್ದ.

ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಎದುರು ಮನೆಯ ಸಾಯಬಮ್ಮಾಯಿ ತನ್ನ ಹೆಸರು ಪದದಲ್ಲಿದೆ ಎಂದು ತಲೆ ಬಾಚಿಕೊಂಡು ಬಂದಿದ್ದಳು. "ಸರೀರಿ, ಹೀರೋಯಿನ್ ಬಂದಾಳ" ಎಂದು ಅತ್ತೆಯನ್ನು ಟೀವಿಯ ಎದುರಿಗೆ ಕೂರಿಸಿದರು. ಬುದ್ಧನ ಫೋಟೋದ ಮುಂದೆ ಪಂಚಶೀಲ ಹೇಳಿಸಿದ್ದು ಬಂತು, ಹಾರ ಬದಲಿಸಿದ್ದು ಬಂತು, ಊಟದ ಪಂಕ್ತಿ ಬಂತು. ಅತ್ತೆ ಒಂದು ಕೈಯಲ್ಲಿ ಕುತ್ತಿಗೆಯ ಗಾಯ ಮುಚ್ಚಿಕೊಂಡು, ಒಂದು ಕೈಯಿಂದ ನನ್ನ ಮೊಣಕಾಲು ಹಿಡಿದು ಕುಳಿತಿದ್ದಳು. ವಾದ್ಯದವರು ಬಾರಿಸುವುದು ನಿಂತು ಜನ ಸುತ್ತ ಕೂರುವುದು ಕಂಡಿತು. ನೀನು ಉಡಿ ಒಡ್ಡಿ ಕುಳಿತೆ. ಅತ್ತೆಯ ಹಿಡಿತ ಬಿಗಿಯಾಯಿತು. ಮುಂದಿನ ಕ್ಷಣ ನೀನು ಕಾರು ಹತ್ತುತ್ತಿದ್ದೆ. ಟೀವಿ ನೀಲಿಯಾಯಿತು.

ಯಾರೋ ಎದ್ದು ಪ್ಲೇಯರಿನ ಮೇಲೆ ತಟ್ಟಿ ನೋಡಿದರು. ಆಮೇಲೆ ಸಾಯಬಮ್ಮಾಯಿ "ಅಯ್ಯ, ಇದೇನು! ನಾಯಿ ಹಾದು ಹೋಗಿದ್ದೂ ತಗದಾನ, ಸಾವಿತ್ರಿಬಾಯಿ ಪದ ತಗದಿಲ್ಲಲ್ಲ!" ಎಂದಳು. ಅಪ್ಪ ಅಲ್ಲೇ ಅಲ್ತಾಫಣ್ಣನಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬೈದ. ಆ ಕಡೆಯಿಂದ "ನಾ ಎಲ್ಲಾ ಕೊಟ್ಟೀನ್ರಿ ಅಮರಪ್ಪಣ್ಣ, ನಿಮ್ಮ ಹುಡುಗನ್ನ ಕೇಳ್ರಿ" ಎಂದದ್ದು ನನಗೂ ಕೇಳಿಸಿತು. ಅಪ್ಪ "ನನ್ನ ಮಗ ಓದಾಂವ, ಹಂಗ ಮಾಡಾಂವಲ್ಲ. ನಮ್ಮ ಓಣಿ ಹಾಡು ಅಂತ ಕ್ಯಾಮೆರಾ ಬಂದ್ ಮಾಡಿರಬೇಕು ನೀ" ಎಂದ. ಬೇರೆಯವರ ಮೇಲೆ ಹೊರಿಸಿದ ಆ ತಪ್ಪು ಅಕ್ಷರಶಃ ನನ್ನದು ಎಂದು ಗೊತ್ತಿದ್ದೂ ಪ್ಲೇಯರಿನ ವೈರು ಸುತ್ತುತ್ತ ಕುಳಿತೆ. ಜನ ಎದ್ದು ಹೋದ ಮೇಲೆ ಅತ್ತೆ ನನ್ನ ಕಿವಿ ಎಳೆದುಕೊಂಡು ಉಸಿರಿನಲ್ಲೇ ಹೇಳಿದಳು: "ನಂದು ಬರ್ಲಿಲ್ಲಲ್ಲ ಅಳಿಯಾ... ಇರ್ಲಿ. ಪಾಪ, ಅಲ್ತಾಫಗ ಚಾರ್ಜ್ ಮುಗದಿರಬೇಕು. ನಿಮ್ಮಪ್ಪಗ ಬೈಬ್ಯಾಡ ಅನ್ನು."

ಸೋಮವಾರ ಹಾಸ್ಟೆಲಿಗೆ ಬಂದವನೇ ಅಳಿಸಿದ ಫೈಲು ಹಿಂದೆ ತರುವ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆ. ಫೈಲಿನ ಹೆಸರು ಬಂತು, ಸೈಜ್ ಬಂತು, ತೆರೆದರೆ ಹಸಿರು ಗೆರೆಗಳು. ಲ್ಯಾಪ್‌ಟಾಪಿನಲ್ಲಿದ್ದ ಕಾಪಿಯನ್ನೂ ಜಾಗ ಸಾಲದೆ ಬಸವಲಿಂಗ ಎಂದೋ ಅಳಿಸಿದ್ದ. ಅವನಿಗೆ ಎಲ್ಲ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿ, "ಕಾಪಿ ಮಾಡೂ ದಿನಾನ ನಾ ಅದನ್ನ ಪೂರಾ ನೋಡೀನಿ. ಛಲೋ ಹಾಡ್ತಾರ ನಿಮ್ಮತ್ತಿ. ಡಿಸ್ಕಿನ್ಯಾಗ ಯಾಕಿಲ್ಲ ಅಂತ ಕೇಳಬೇಕಂದಿದ್ದೆ, ನೀ ಸಿಟ್ಟಿಗೇಳ್ತಿ ಅಂತ ಬಿಟ್ಟೆ" ಎಂದ. ಯಾರಿಂದ ಮುಚ್ಚಿಡಲು ಕತ್ತರಿಸಿದೆನೋ ಅವನು ಮೊದಲೇ ನೋಡಿದ್ದ.

ನಿನ್ನೆ ಶಹಾಪುರಕ್ಕೆ ಹೋಗಿ ಅಲ್ತಾಫಣ್ಣನ ಎದುರಿಗೆ ನಿಂತು ತಪ್ಪು ಒಪ್ಪಿಕೊಂಡೆ. ಬೈಯುತ್ತಾನೆಂದು ತಯಾರಾಗಿ ಹೋಗಿದ್ದೆ. "ಸ್ಟೂಲ್ ಮ್ಯಾಲ ನಿಂತು ಇಪ್ಪತ್ತೆರಡು ಮಿನಿಟ್ ಕೈ ಅಲುಗಾಡದಂಗ ಹಿಡದಿದ್ದೆ ತಮ್ಮಾ, ಅಮ್ಮಾಜಾನ್ ಹಾಡ್ತಾ ಹಾಡ್ತಾ ಉಸಿರು ತಗೊಂಡಾಗ ನಾನೂ ತಗೊಂಡೀನಿ" ಎಂದ, ಅಷ್ಟೇ. ಗಿರಾಕಿಗಳನ್ನು ಕೂರಿಸಿ ಎರಡು ಹಾರ್ಡ್‌ಡಿಸ್ಕ್ ಹುಡುಕಿದ. ಆರು ತಿಂಗಳಾದ ಮದುವೆಗಳನ್ನು ಅಳಿಸುವುದು ಅವನ ರೂಢಿ, ನಮ್ಮದೂ ಹೋಗಿತ್ತು. ಅಪ್ಪನಿಗೆ ನೀವೇ ಹೇಳಿಬಿಡಿ ಎಂದು ಬೇಡಿಕೊಂಡೆ. "ಅದು ನನ್ನ ಬಾಯಿಂದ ಬರಬಾರದು, ನಿನ್ನ ಬಾಯಿಂದ ಬರಬೇಕು" ಎಂದು ಚಹಾ ಕುಡಿಸಿ ಬಸ್ಸು ಹತ್ತಿಸಿದ.

ಬರುವ ಭಾನುವಾರದ ಮುಂದಿನ ಭಾನುವಾರ ಸಗರಕ್ಕೆ ಹೋಗುತ್ತೇನೆ. ಸಾಯಬಮ್ಮಾಯಿಯನ್ನೂ ಕರೆದು, ಆ ದಿನ ಅಲ್ತಾಫಣ್ಣನಿಗೆ ಬೈದದ್ದು ಎಷ್ಟು ಜನ ಕೇಳಿದರೋ ಅಷ್ಟೂ ಜನರ ಮುಂದೆ ಹೇಳಬೇಕು. ಅಪ್ಪ ಹೊಡೆಯಲಿ. ಅತ್ತೆ ಏನೂ ಅನ್ನದಿದ್ದರೆ ಏನು ಮಾಡುವುದು ಎಂಬುದೇ ಹೆದರಿಕೆ. ನೀನು ಅವರಿಗೆ ಮುಂಚೆ ಫೋನು ಮಾಡಿ ನನ್ನ ಪರವಾಗಿ ಮೆತ್ತಗೆ ಮಾಡಬೇಡ.

ಭಾವನಿಗೂ ಅವರ ತಾಯಿಗೂ ನನ್ನ ನಮಸ್ಕಾರ ತಿಳಿಸು. ಬಿಸಿಲು ಏರುತ್ತಿದೆ, ಶಾಲೆಗೆ ಹೋಗುವಾಗ ನೀರು ಮರೆಯಬೇಡ. ಎಲ್ಲರಿಗೂ ಜೈ ಭೀಮ್.

ನಿನ್ನ ತಮ್ಮ,
ದೇವಿಂದ್ರ

ತಾ.ಕ.: ಕವರ್ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಹಳೆಯ ಫೋನು, ಭಾವನ ಫೋನು, ನಿನ್ನ ನಾದಿನಿ ಪವಿತ್ರಾಳ ಫೋನು, ಮೂರನ್ನೂ ನೋಡು. ಯಾರಾದರೂ ಅತ್ತೆ ಹಾಡುವುದನ್ನು ತೆಗೆದಿದ್ದರೆ ಅರ್ಧ ನಿಮಿಷವಾದರೂ ಸಾಕು, ಅಡ್ಡ ಇದ್ದರೂ ಮಸುಕಾಗಿದ್ದರೂ ಹಾಗೇ ಕಳಿಸು. ಏನೂ ಸಿಗದಿದ್ದರೆ ಇನ್ನೊಂದು ಬೇಡಿಕೆ. ಮದುವೆಯ ದಿನ ಅತ್ತೆ ಕೊನೆಗೆ ನನ್ನ ಹೆಸರು ತೆಗೆದಾಗ ನಾನು ಎದ್ದು ಜನರೇಟರ್ ಹಿಂದೆ ಹೋಗಿ ನಿಂತಿದ್ದೆ, ಅಲ್ಲಿಗೆ ಏನೂ ಕೇಳಲಿಲ್ಲ. ನನ್ನ ಪಾಲಿನ ಜೋಳ ಅಪ್ಪ ಹಾಕಿದನಂತೆ. ಲ್ಯಾಪ್‌ಟಾಪಿನಲ್ಲಿ ಗುರುತು ಹಾಕುವಾಗ ಸೌಂಡ್ ಇರಲಿಲ್ಲ. ಅವಳ ತುಟಿ ಅಲ್ಲಾಡುವುದನ್ನಷ್ಟೇ ನೋಡಿ ಕತ್ತರಿಸಿದೆ. ನನ್ನ ಬಗ್ಗೆ ಅತ್ತೆ ಏನು ಕಟ್ಟಿ ಹಾಡಿದಳು ಎಂದು ನನಗೆ ಗೊತ್ತೇ ಇಲ್ಲ, ಅಕ್ಕಾ. ಈಗ ಅವಳನ್ನು ಹಾಡು ಅನ್ನುವ ಹಾಗೂ ಇಲ್ಲ. ನೀನು ಎದುರಿಗೇ ಕುಳಿತಿದ್ದೆ. ಎರಡೋ ನಾಲ್ಕೋ ಸಾಲು, ನೆನಪಿದ್ದಷ್ಟು ಬರೆದು ಕಳಿಸು. ಸಗರಕ್ಕೆ ಹೋಗುವ ಮೊದಲು ನನ್ನ ಕೈ ಸೇರಬೇಕು. ಬೇಗ ಉತ್ತರ ಬರೆ.