ಎಡಪಕ್ಕೆಯ ಕೆಳಗೆ

ಭಾನುವಾರ, ಜೂನ್ ೧೪

ನನ್ನ ಕತ್ತರಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಕಾಗದಗಳು ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟುತ್ತಿವೆ. ಫೋನನ್ನೂ ಎತ್ತಲಿಲ್ಲ. ನಿನ್ನ ಹೆಂಡತಿ ಪಾಪ, "ಅತ್ತಿಗೆಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ?" ಎಂದು ಕೇಳಿ ಕಳಿಸಿದ್ದಾಳೆ. ಬೇಜಾರೂ ಇಲ್ಲ, ಗೀಜಾರೂ ಇಲ್ಲ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕಿ, "ಬಿಡಕ್ಕ, ತೆಗೆದು ಬಿಸಾಕೋಣ" ಎನ್ನುತ್ತೀಯ. ಸರ್ಜನ್‌ಗಳ ಹಣೆಬರಹವೇ ಅಷ್ಟು. ಅದಕ್ಕೇ ಕಾಗದ ಹಿಡಿದು ಕೂತೆ.

ಸುದ್ದಿ ಏನೆಂದರೆ, ನಿನ್ನ ಅಕ್ಕನಿಗೆ ಕಾಯಿಲೆ. ಸಣ್ಣದಲ್ಲ. ಗಾಬರಿಯಾಗಬೇಡ ಎಂದರೆ ನೀನು ಕೇಳುವವನಲ್ಲ, ಆದ್ದರಿಂದ ಸ್ವಲ್ಪ ಗಾಬರಿಪಟ್ಟುಕೊಂಡೇ ಓದು. ಆದರೆ ಅದು ಸಿಕ್ಕ ಬಗೆ ಇದೆಯಲ್ಲ, ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಲೆ ಕೆಟ್ಟುಹೋಗುತ್ತದೆ. ಇಷ್ಟು ವರ್ಷ ವೈದ್ಯವಿದ್ಯೆ ಕಲಿಸಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ಈಗ ಒಬ್ಬ ರಬ್ಬರ್ ಮನುಷ್ಯ ಬಂದಿದ್ದಾನೆ ಎಂದು ಬರೆದಿದ್ದೆ. ಗುಂಡಿ ಒತ್ತಿದರೆ ಅವನ ಲಿವರ್ ಊದುತ್ತದೆ, ಇನ್ನೊಂದು ಗುಂಡಿಗೆ ಸ್ಪ್ಲೀನ್. ಪಠ್ಯಕ್ರಮದ ಸಮಿತಿಯವರಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ. ನಾನು ಸಭೆಯಲ್ಲೇ ಹೇಳಿದೆ: ಅವನಿಗೆ ಕಚಗುಳಿ ಆಗಲ್ಲ, ನಾಚಿಕೆ ಆಗಲ್ಲ, ತಣ್ಣನೆಯ ಕೈ ಇಟ್ಟರೆ ಬೆಚ್ಚಿ ಬೀಳಲ್ಲ, ಅವನಿಂದ ಮಕ್ಕಳು ಏನು ಕಲೀತಾರೆ? ಹಾಗೆಂದು ಕಾಯಿಲೆ ಬಿದ್ದವರ ಹೊಟ್ಟೆಯನ್ನು ಹೊಸಬರೆಲ್ಲ ಸಾಲಾಗಿ ಒತ್ತುವುದೂ ನನಗೆ ಸೇರದು. ಆದ್ದರಿಂದ ಪ್ರತಿ ವರ್ಷ ಮೊದಲ ಪಾಠಕ್ಕೆ ನಾನೇ ಮಂಚದ ಮೇಲೆ ಮಲಗುತ್ತೇನೆ. ಸಿಸ್ಟರ್ ಪಕ್ಕದಲ್ಲಿ ನಿಂತು ಹೊದಿಕೆ ಸರಿ ಮಾಡುತ್ತಾಳೆ, ನಾನು ಚಾವಣಿ ನೋಡುತ್ತಾ ಪಾಠ ಮಾಡುತ್ತೇನೆ. "ಆರೋಗ್ಯವಂತರ ಹೊಟ್ಟೆ ಹೇಗಿರುತ್ತೆ ಅಂತ ಮೊದಲು ಕೈಗೆ ಗೊತ್ತಾಗಲಿ. ಸ್ಪ್ಲೀನ್, ಅಂದ್ರೆ ಗುಲ್ಮ, ಎಡಗಡೆ ಪಕ್ಕೆಲುಬಿನ ಹಿಂದೆ ಅಡಗಿರುತ್ತೆ, ಕೈಗೆ ಸಿಗಲ್ಲ. ಸಿಗದೇ ಇರೋದನ್ನು ಸಿಗಲಿಲ್ಲ ಅಂತ ಹೇಳೋದೂ ಒಂದು ವಿದ್ಯೆ." ನೋಡು, ನಿನಗೇ ಪಾಠ ಶುರುಮಾಡಿದೆ!

ಈ ಸಲದ ಬ್ಯಾಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಎಲ್ಲರೂ 'ಗುಡುಗು' ಎನ್ನುತ್ತಾರೆ. ಅವಳು ಪಿಸುಗುಟ್ಟಿದರೂ ವಾರ್ಡಿನ ಆಚೆ ತುದಿಯ ರೋಗಿ ಎದ್ದು ಕೂರುತ್ತಾನೆ. ಅವಳ ಸರದಿ ಬಂತು. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು, ಬಲಗಡೆ ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಎಡಪಕ್ಕೆಯ ಕಡೆಗೆ ಬಂದಳು. ಬಂದವಳು ನಿಂತುಬಿಟ್ಟಳು.

"ಮೇಡಂ, ಇನ್ನೊಂದು ಸಲ ಉಸಿರು ಎಳ್ಕೊಳ್ಳಿ."

ಎಳೆದುಕೊಂಡೆ.

"ಸಿಗ್ತಿದೆ ಮೇಡಂ."

"ಏನಮ್ಮ ಸಿಗ್ತಿದೆ?"

"ಸ್ಪ್ಲೀನ್."

ಎಲ್ಲರೂ ನಕ್ಕರು. ನಾನೂ ನಕ್ಕೆ. "ಅದು ಪಕ್ಕೆಲುಬಿನ ತುದಿ ಕಣಮ್ಮ. ಪ್ರತಿ ವರ್ಷ ಒಬ್ಬರಾದ್ರೂ ಅದನ್ನ ಹಿಡ್ಕೊಂಡು ಸಂಭ್ರಮಪಡ್ತಾರೆ." ಹಾಗೆಂದು ಮುಖವನ್ನು ಹುಳಿ ಹಿಂಡಿದ ಹಾಗೆ ಮಾಡಿದೆ. ಬೇಕೆಂದೇ ಮಾಡಿದೆ. ನನ್ನ ತರಗತಿಯ ಕಾನೂನು ನಿನಗೆ ಗೊತ್ತಲ್ಲ: ಬೆರಳಿಗೆ ಸಿಕ್ಕಿದ್ದನ್ನು ನನ್ನ ಮುಖ ನೋಡಿ ಬದಲಾಯಿಸಿದವರು ಹೊರಗೆ. ಎಷ್ಟೋ ಮಕ್ಕಳು ಈ ಮುಖ ಕಂಡೇ ಮಾತು ನುಂಗಿದ್ದಾರೆ. ಈ ಹುಡುಗಿ ನುಂಗಲಿಲ್ಲ.

"ಪಕ್ಕೆಲುಬು ಅಲ್ಲ ಮೇಡಂ. ಪಕ್ಕೆಲುಬು ಇಲ್ಲಿದೆ. ಇದು ಅದರ ಕೆಳಗೆ, ನೀವು ಉಸಿರು ಎಳೆದಾಗ ಬಂದು ನನ್ನ ಬೆರಳಿಗೆ ತಾಗ್ತಿದೆ. ಅಂಚಲ್ಲಿ ಒಂದು ಕಚ್ಚೂ ಇದೆ." ಗುಡುಗಿನ ದನಿ ಆಗ ಗುಡುಗಿನ ಹಾಗಿರಲಿಲ್ಲ.

ಕಚ್ಚು ಎಂದ ತಕ್ಷಣ ನನ್ನ ನಗು ಆರಿತು. ಸ್ಪ್ಲೀನಿನ ಅಂಚಿನಲ್ಲಲ್ಲದೆ ಇನ್ನೆಲ್ಲಿಯೂ ಆ ಕಚ್ಚು ಇರುವುದಿಲ್ಲ, ಅದನ್ನು ಊಹಿಸಿ ಹೇಳುವುದಕ್ಕೂ ಆಗುವುದಿಲ್ಲ. ನಾನೇ ಕೈ ಇಟ್ಟುಕೊಂಡೆ, ಉಸಿರು ಎಳೆದೆ. ತಮ್ಮಾ, ಅದು ಬಂತು. ಒಳಗಿನಿಂದ ಮೆಲ್ಲಗೆ ಬಂದು ನನ್ನ ಬೆರಳನ್ನು ಮುಟ್ಟಿ ಹಿಂದಕ್ಕೆ ಹೋಯಿತು. ಸಾವಿರಾರು ಜನರಲ್ಲಿ ಹುಡುಕಿದ ಅಂಚು, ನನ್ನದೇ ಹೊಟ್ಟೆಯಲ್ಲಿ. ಹೆದರಿಕೆಗಿಂತ ಮುಂಚೆ ಬಂದದ್ದು ಬೆರಗು. ಅಬ್ಬಾ, ಎಷ್ಟು ಚೆನ್ನಾಗಿ ಹಿಡಿದಳು ಹುಡುಗಿ ಎಂದುಕೊಂಡೆ. ಆ ಬೆರಳನ್ನು ಎಲ್ಲಿಡಬೇಕು, ಎಷ್ಟು ಒತ್ತಬೇಕು, ಉಸಿರಿಗೆ ಹೇಗೆ ಕಾಯಬೇಕು ಎಂದು ಹೇಳಿಕೊಟ್ಟದ್ದು ನಾನು. ನಾನು ಕೊಟ್ಟ ವಿದ್ಯೆ ಬೇರೊಬ್ಬರ ಕೈ ಸೇರಿ ನನ್ನನ್ನೇ ಹುಡುಕಿಕೊಂಡು ಬಂದಿತ್ತು.

ಇತ್ತೀಚೆಗೆ ಎರಡು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಗ್ಯಾಸ್ ಎಂದುಕೊಂಡಿದ್ದೆ. ನಗಬೇಡ! ರೋಗಿಗಳು ಗ್ಯಾಸ್ ಎಂದರೆ ನಾನು ಹೇಗೆ ಎಗರಾಡುತ್ತೇನೆ ಎಂದು ಇಡೀ ವಾರ್ಡಿಗೇ ಗೊತ್ತು. ಸುಸ್ತಿಗೆ ಕಾಲೇಜಿನ ತಪಾಸಣೆಯ ಕೆಲಸ ಕಾರಣ ಎಂದುಕೊಂಡೆ, ಸೊರಗಿದ್ದಕ್ಕೆ ವಯಸ್ಸು ಕಾರಣ ಎಂದುಕೊಂಡೆ.

ಆಮೇಲೆ ನಾನೇನು ಮಾಡಿದೆ ಗೊತ್ತಾ? ಸಿಸ್ಟರ್ ಇವತ್ತಿಗೂ ಹೇಳಿಕೊಂಡು ಓಡಾಡುತ್ತಿದ್ದಾಳೆ. ಮಕ್ಕಳು ಸಪ್ಪಗೆ ನಿಂತಿದ್ದರು, ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದರು. ನನಗೆ ರೇಗಿತು. "ಅಳೋರು ಹೊರಗೆ ಹೋಗಿ, ಕೈ ಬೆಚ್ಚಗಿರೋರು ಮುಂದೆ ಬನ್ನಿ. ಇಷ್ಟು ಒಳ್ಳೆ ಸ್ಪ್ಲೀನ್ ನಿಮಗೆ ಮತ್ತೆ ಯಾವಾಗ ಸಿಗುತ್ತೋ ಏನೋ. ನನಗೆ ನೋವಿಲ್ಲ. ಒಬ್ಬೊಬ್ಬರಾಗಿ ಬಂದು ಕಲಿತುಕೊಂಡು ಹೋಗಿ." ಯಾರೂ ಹೊರಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಬಂದರು. ಒಬ್ಬ ಕೈ ಇಡುವ ಮುಂಚೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಬೈದು ಎಬ್ಬಿಸಿದೆ. ಅಷ್ಟೊಂದು ಕೈಗಳು, ಒಂದೊಂದೂ ಒಂದೊಂದು ಬಗೆ. ಅಂಚು ತಾಗಿದ ಕ್ಷಣ ಅವರ ಕಣ್ಣು ಅರಳುತ್ತಿತ್ತು, ಮರುಕ್ಷಣ ಅರಳಿದ್ದಕ್ಕೆ ನಾಚಿಕೆಪಡುತ್ತಿತ್ತು. ನಾಚಬೇಡಿ ಎಂದೆ. ನಾನೂ ಮೊದಲ ಸಲ ಸ್ಪ್ಲೀನ್ ಸಿಕ್ಕಾಗ ರೋಗಿಯನ್ನೇ ಮರೆತು ಹಿಗ್ಗಿದ್ದೆ.

ಆಮೇಲೆ ರಕ್ತ ತೆಗೆದವನು ನನ್ನ ಶಿಷ್ಯ. ಸ್ಕ್ಯಾನ್ ನೋಡಿದವಳು ನನ್ನ ಶಿಷ್ಯೆ. ರಕ್ತದ ಕಾಯಿಲೆಗಳ ವಿಭಾಗದ ಮುಖ್ಯಸ್ಥ, ನಾವು 'ಸಣ್ಣದನಿ' ಎನ್ನುತ್ತಿದ್ದೆವಲ್ಲ, ಮೊದಲನೇ ವರ್ಷ ಉತ್ತರ ಹೇಳಿದರೆ ಮುಂದಿನ ಬೆಂಚಿಗೂ ಕೇಳಿಸದಿದ್ದವನು, ಅವನೂ ನನ್ನ ಶಿಷ್ಯನೇ. ಅವನು ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಬಿಟ್ಟುಕೊಟ್ಟು, "ಮೇಡಂ, ನೀವೇ ನೋಡ್ತೀರಾ?" ಎಂದ. ನೋಡಿದೆ. ನನ್ನ ಕೆಂಪುಕಣಗಳು ದುಂಡಗಿರಲಿಲ್ಲ. ಒಂದು ಕಡೆ ಬಾಲ ಎಳೆದ ಹಾಗೆ, ಕಣ್ಣೀರಿನ ಹನಿಗಳ ಹಾಗೆ ಇದ್ದವು. ಹಾಗೆ ಕಂಡರೆ ಮೂಳೆಯ ಮಜ್ಜೆ ನಾರುಗಟ್ಟುತ್ತಿದೆ ಎಂದು ಅರ್ಥ, ರಕ್ತ ಹುಟ್ಟಲು ಅಲ್ಲಿ ಜಾಗ ಸಾಲುತ್ತಿಲ್ಲ, ಆ ಕೆಲಸವನ್ನು ಪಾಪದ ಸ್ಪ್ಲೀನ್ ಹೊತ್ತುಕೊಂಡು ಊದಿಕೊಂಡಿದೆ. ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರೂ ಅದೇ ಬಂತು. ನನಗೆ ಏನೆನ್ನಿಸಿತು ಹೇಳಲಾ? ಹೇಳಿದ ಕೆಲಸ ಮಾಡಲಾಗದೆ ಒಂದು ಅಂಗ ಸೋತರೆ, ಯಾರೂ ಕೇಳದಿದ್ದರೂ ಇನ್ನೊಂದು ಅಂಗ ಬಂದು ಹೆಗಲು ಕೊಡುತ್ತದೆ. ಅರವತ್ತು ವರ್ಷ ಈ ದೇಹದೊಳಗೇ ಬದುಕಿದ್ದೇನೆ, ಬದುಕೆಲ್ಲ ಇಂಥದ್ದನ್ನೇ ಪಾಠ ಮಾಡಿದ್ದೇನೆ, ಆದರೂ ಅಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡಿದೆ.

ಸದ್ಯಕ್ಕೆ ಮಾತ್ರೆ ಶುರುವಾಗಿದೆ. ಮಾತ್ರೆಯಿಂದ ಸ್ಪ್ಲೀನ್ ಕುಗ್ಗಬಹುದು, ಕಾಯಿಲೆ ಹೋಗುವುದಿಲ್ಲ. ಹೋಗಬೇಕೆಂದರೆ ಬೇರೆಯವರ ಮಜ್ಜೆ ಬೇಕು. ಈ ವಯಸ್ಸಿಗೆ ಅದು ಕಷ್ಟದ ದಾರಿ, ಆದರೂ ದಾರಿ ಇದೆ. ದಾನಿಗಳ ಪಟ್ಟಿಯಲ್ಲಿ ಹುಡುಕುತ್ತಿದ್ದಾರೆ. ಸಿಕ್ಕರೆ ಸಿಕ್ಕೀತು.

ಗುಡುಗು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. "ಮೇಡಂ, ನಾನು ಹೇಳಬಾರದಿತ್ತಾ?" ಎಂದು ಕೇಳಿದಳು ಮೊನ್ನೆ. "ಬಾಯಿ ಮುಚ್ಚು, ಹೇಳದೇ ಇದ್ದಿದ್ರೆ ಫೇಲ್ ಮಾಡ್ತಿದ್ದೆ" ಎಂದೆ. ಆಗ ಅವಳು ನಕ್ಕ ನಗು ಕೆಳಗಿನ ಅಂತಸ್ತಿಗೂ ಕೇಳಿಸಿರಬೇಕು.

ನಿನ್ನ ಹೆಂಡತಿಗೆ ಮೆಲ್ಲಗೆ ಹೇಳು, ಒಂದೇ ಉಸಿರಿಗೆ ಹೇಳಿ ಹೆದರಿಸಬೇಡ. ಮಕ್ಕಳಿಗೆ ದೊಡ್ಡತ್ತೆಯ ಮುತ್ತು. ನಿನ್ನ ಕೈ ಯಾವತ್ತೂ ನಡುಗದಿರಲಿ, ನಿನ್ನ ಮೇಜಿನ ಮೇಲೆ ಮಲಗಿದವರೆಲ್ಲ ಎದ್ದು ನಡೆದು ಮನೆಗೆ ಹೋಗಲಿ.

ನಿನ್ನ
ಅಕ್ಕ

ತಾ.ಕ.: ಇಷ್ಟುದ್ದ ಬರೆದದ್ದು ಈ ಒಂದು ಮಾತಿನಿಂದ ತಪ್ಪಿಸಿಕೊಳ್ಳಲು. ಆಗಲಿಲ್ಲ. ಮಜ್ಜೆಯ ವಿಷಯ ಬಂದಾಗ ಸಣ್ಣದನಿ, "ಒಡಹುಟ್ಟಿದವರದ್ದು ಹೊಂದಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ನಿಮಗೆ ತಮ್ಮ ಇದ್ದಾರಲ್ಲ ಮೇಡಂ!" ಎಂದು ಖುಷಿಯಲ್ಲಿ ಎದ್ದೇ ನಿಂತ. ಆಗಲೇ ಫೋನು ಕೈಗೆ ತೆಗೆದುಕೊಂಡಿದ್ದ. ನಾನು ಹೇಳಬೇಕಾಯಿತು ಕಣೋ. "ಅವನು ನಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ" ಎಂದು. ಅಮ್ಮ ನಿನ್ನನ್ನು ಮನೆಗೆ ಎತ್ತಿಕೊಂಡು ಬಂದಾಗ ನಿನಗೆ ಇನ್ನೂ ಹಲ್ಲು ಬಂದಿರಲಿಲ್ಲ. ನೀನು ದೊಡ್ಡವನಾದ ಮೇಲೆ ಅಪ್ಪ ಅಮ್ಮ ಕೂರಿಸಿಕೊಂಡು ಒಂದು ಸಲ ಹೇಳಿದರು, ಅಲ್ಲಿಗೆ ಮುಗಿಯಿತು. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲಿ ಬಂದದ್ದು ಇದೇ ಮೊದಲು. ಕಾಯಿಲೆಯ ಹೆಸರು ಕೇಳಿದಾಗ ಬಾರದ ಅಳು ಆಗ ಬಂತು. ಅದಕ್ಕೇ ಇಷ್ಟು ದಿನ ನಿನ್ನ ಫೋನು ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಹೇಳಿಬಿಡುತ್ತೇನೆ ಎಂದು ಭಯ.

ನೀನು ಇದನ್ನು ಓದಿದ ಕೂಡಲೇ ರಕ್ತ ಕೊಡುತ್ತೇನೆಂದು ತೋಳು ಮಡಚಿಕೊಂಡು ಹೊರಡುತ್ತೀಯ, ಗೊತ್ತು. ಅದು ನನಗೆ ಹೊಂದುವ ಭರವಸೆ ಇಲ್ಲ, ನಿನಗೂ ಗೊತ್ತು. ರಕ್ತ ಬೇಡ, ನೀನು ಬಾ. ಮುಂದಿನ ವಾರ ಮತ್ತೆ ಸಣ್ಣದನಿಯ ಕೋಣೆಗೆ ಹೋಗಬೇಕು, ಪಕ್ಕದಲ್ಲಿ ನೀನು ಕೂತಿರು. ಅಲ್ಲಿ ಯಾರಾದರೂ "ಇವರು ಯಾರು?" ಎಂದು ಕೇಳಲಿ. ನನ್ನ ತಮ್ಮ ಎನ್ನುತ್ತೇನೆ. ಅದರ ಮುಂದೆ ಒಂದಕ್ಷರವನ್ನೂ ಸೇರಿಸುವುದಿಲ್ಲ.