ಮಡ್ಡಿವಾಡಿ ಗಾಡಿಗೆ ನಲವತ್ಮೂರು ಹೆಸರು

ಮಡ್ಡಿವಾಡಿ, ತಾ. ರಾಯಬಾಗ
ಶನಿವಾರ, 18 ಫೆಬ್ರವರಿ 1989

ಸುಮಿತ್ರಾಳ ಅಪ್ಪನವರಿಗೆ,

ಸಕ್ಕುಬಾಯಿಯ ನಮಸ್ಕಾರಗಳು. ಇಲ್ಲಿ ನಾನು, ಅತ್ತೆ, ಸುಮಿತ್ರಾ ಮೂವರೂ ಆರಾಮವಾಗಿದ್ದೇವೆ. ಎರಡು ಎಮ್ಮೆಗಳನ್ನೂ ಮನೆಯವರೆಂದೇ ಹಿಡಿದರೆ ಐದು ಜನ, ಬುಧವಾರ ಬೆಳಗ್ಗೆ ಬಾಲಿ ಎಮ್ಮೆ ಹೆಣ್ಣುಗರು ಹಾಕಿರುವುದರಿಂದ ಈಗ ಆರು. ನಿಮ್ಮ ಪ್ರಕೃತಿ ಹೇಗಿದೆ? ಹತ್ತಿಯ ಧೂಳಿಗೆ ಏಳುವ ಕೆಮ್ಮು ಕಡಿಮೆಯಾಯಿತೇ? ಕಳಿಸಿದ ಅಗಸಿ ಚಟ್ನಿ ಮುಗಿಯಿತೇ, ಇಲ್ಲಾ ಖೋಲಿಯ ಗೆಳೆಯರೇ ಮುಗಿಸಿದರೇ? ಇನ್ನೊಂದು ಮಾತು. ಈ ಮಂಗಳವಾರ ಮಧ್ಯಾಹ್ನದಿಂದ ಈಚೆಗೆ ನಿಮಗೆ ಏನಾದರೂ ಆಗಿದೆಯೇ? ಜ್ವರ, ಎಲ್ಲಾದರೂ ಜಾರಿ ಬೀಳುವುದು, ಮಗ್ಗದಲ್ಲಿ ಬೆರಳಿಗೆ ಪೆಟ್ಟು, ಸಣ್ಣದಿದ್ದರೂ ಮುಚ್ಚಿಡದೆ ಬರೆಯಿರಿ. ಇಷ್ಟು ಕೆದಕಿ ಕೇಳುವುದಕ್ಕೆ ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಪತ್ರ ಆರನೇ ತಾರೀಖು ಮುಟ್ಟಿತು. ನಮ್ಮ ರೈಲು ಗಾಡಿ ಬಂದ್ ಆಗುವುದು ಗ್ಯಾರಂಟಿ, ಗಾಡಿ ಹೋದಮೇಲೆ ಹಾಲಿನ ವ್ಯಾಪಾರ ನಡೆಯುವುದಿಲ್ಲ, ಆದ್ದರಿಂದ ಯುಗಾದಿಯೊಳಗೆ ಎರಡೂ ಎಮ್ಮೆ ಮಾರಿ ಅತ್ತೆ ಮತ್ತು ಮಗಳನ್ನು ಕರೆದುಕೊಂಡು ಇಚಲಕರಂಜಿಗೆ ಬಂದುಬಿಡು, ಖೋಲಿ ನೋಡಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಎರಡು ಸಲ ಓದಿದೆ. ಏನು ಬರೆದಾನೆ ಎಂದು ಅತ್ತೆ ಕೇಳಿದರು. ಕೆಮ್ಮು ಕಡಿಮೆಯಾಗಿದೆಯಂತೆ ಎಂದು ಹೇಳಿ ಪತ್ರ ಮಡಚಿಟ್ಟೆ. ನಿಮ್ಮ ಜೊತೆ ಇರುವುದು ನನಗೆ ಬೇಡವಾಗಿಲ್ಲ, ಹಾಗೆ ತಿಳಿಯಬೇಡಿ. ಆದರೆ ಹದಿನೆಂಟನೇ ವಯಸ್ಸಿಗೆ ಈ ಮನೆಗೆ ಬಂದ ಮರುವಾರದಿಂದಲೇ ಹಾಲಿನ ಕ್ಯಾನು ಎತ್ತಿದವಳು ನಾನು. ನಾಲ್ಕು ಗೋಡೆಯ ಆ ಖೋಲಿಯಲ್ಲಿ ಬೆಳಗಿನಿಂದ ಸಂಜೆತನಕ ಏನು ಮಾಡುವುದೆಂದೇ ತಿಳಿಯುವುದಿಲ್ಲ. ಉತ್ತರ ಆಮೇಲೆ ಕೊಡುತ್ತೇನೆ, ಮೊದಲು ಗಾಡಿಯ ವಿಷಯ.

ಹೋದ ಪತ್ರದಲ್ಲಿ ರೈಲ್ವೆ ಸಾಹೇಬರ ವಿಚಾರಣೆ ಆಯಿತು ಎಂದಷ್ಟೇ ಬರೆದಿದ್ದೆ. ನಾಚಿಕೆಯಾಗಿ ಉಳಿದದ್ದನ್ನು ಬರೆಯಲಿಲ್ಲ. ಈಗ ಕೇಳಿ. ಗಂಡಸರು ಈ ಗಾಡಿಯನ್ನು ಬಿಟ್ಟು ಎಷ್ಟು ವರ್ಷವಾಯಿತೆಂದು ನಿಮಗೂ ಗೊತ್ತು, ಎರಡು ಮೂರು ತಿಂಗಳಿಗೊಮ್ಮೆ ಬರುವ ನೀವೊಬ್ಬರನ್ನು ಬಿಟ್ಟು. ಅವರಿಗೆ ಟೆಂಪೋ ಇದೆ, ಮೋಟರ್ ಸೈಕಲ್ ಇದೆ, ಕಾಗವಾಡದ ಬಸ್ಸಿದೆ. ಗಾಡಿಯ ಈ ಎರಡು ಡಬ್ಬಿಯಲ್ಲಿ ಉಳಿದವರು ಹಾಲು, ಮಜ್ಜಿಗೆ, ಸೊಪ್ಪು ಹೊತ್ತು ರಾಯಬಾಗಕ್ಕೆ ಹೋಗುವ ಹೆಂಗಸರು ಮಾತ್ರ. ಕ್ಯಾನು ನೋಡಿದ ಕೂಡಲೇ ಬಸ್ಸಿನ ಕಂಡಕ್ಟರ್ “ಹಾಲ ಚೆಲ್ಲಿದ್ರ ನಿಮ್ಮವ್ವ ಬಂದ ಒರಸ್ತಾಳೇನ?” ಎಂದು ಸೀಟಿ ಊದಿಬಿಡುತ್ತಾನೆ. ಹೀಗಾಗಿ ಗಾಡಿ ನಿಂತರೆ ಮೂರು ಊರಿನ ಹೆಂಗಸರ ವ್ಯಾಪಾರ ಅದೇ ದಿನ ನಿಲ್ಲುತ್ತದೆ.

ಜನವರಿ ಹತ್ತಕ್ಕೆ ಸಾಹೇಬರು ಬಂದರು. ಯಾರು ಯಾರು ಗಾಡಿ ಬಳಸುತ್ತಾರೋ ಅವರು ಖುದ್ದಾಗಿ ಬಂದು ಹೆಸರು ಬರೆಸಬೇಕು, ನೂರು ಹೆಸರಾದರೂ ಇಲ್ಲದಿದ್ದರೆ ಗಾಡಿ ಬಂದ್ ಎಂದು ನೋಟೀಸು ಇತ್ತು. ಬೇರೆ ಎರಡು ಸ್ಟೇಶನ್ನಿನಲ್ಲಿ ಆಗಲೇ ಎಪ್ಪತ್ತು ಆಗಿದ್ದವು. ನಮ್ಮದು ಮೂವತ್ತು ಸಾಕಿತ್ತು, ಮಜ್ಜಿಗೆ ಮಾರುವ ಅತ್ತೆಯನ್ನೂ ಹಿಡಿದು ನಾವು ಹೆಂಗಸರೇ ನಲವತ್ಮೂರು ಜನ. ಚಿಂತೆ ಇಲ್ಲವೆಂದು ನಿಂತೆವು. ಆದರೆ ಮೊದಲು ಮಾತಿಗೆ ಎದ್ದವರು ಮಾಜಿ ಚೇರಮನ್ ತವನಪ್ಪನವರು. ಅವರ ಅಜ್ಜ ಸ್ಟೇಶನ್ನಿಗೆ ಜಾಗ ಕೊಟ್ಟ ಕಥೆ ಮುಕ್ಕಾಲು ಗಂಟೆ ನಡೆಯಿತು. ಅವರು ಗಾಡಿ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಆಮೇಲೆ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ತೀರಿಹೋದವರೂ ಇದ್ದರು, ತೊಟ್ಟಿಲ ಕೂಸುಗಳೂ ಇದ್ದವು. ಸಾಹೇಬರು ಪಟ್ಟಿ ಹರಿದುಹಾಕಿ, ಇನ್ನು ಮುಂದೆ ಯಾರ ಚೀಟಿಯೂ ಬೇಡ, ತಮ್ಮ ಬಾಯಿಂದ ಹೇಳಿದ್ದನ್ನಷ್ಟೇ ಬರೆಯುವುದು ಎಂದರು.

ನಮ್ಮ ಪಾಳಿ ಬಂತು. ಕಾರಕೂನ ಎಲ್ಲಿಯವನೋ ಏನೋ, ಮೊದಲು ನಿನ್ನ ಹೆಸರು ಎಂದ, ಆಮೇಲೆ ಗಂಡನ ಹೆಸರು ಎಂದ. ನಮ್ಮ ನಾಲಿಗೆ ಅಲ್ಲೇ ನಿಂತಿತು. ಗಂಡನ ಹೆಸರು ನೇರವಾಗಿ ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವರು ನಾವು. ಬಾಯಿಂದ ಆಡದ್ದನ್ನು ಕೈಯಿಂದ ಬರೆಯುವುದೂ ಇಲ್ಲ. ಪಕ್ಕದ ಮನೆಯ ಸೋನಾಬಾಯಿ ಧೈರ್ಯ ಮಾಡಿ ಮದುವೆ ಮನೆಯಲ್ಲಿ ಹೇಳುವ ಹಾಗೆ ಒಡಪು ಕಟ್ಟಿ ಹೇಳಿದಳು: “ಹಳಿ ಮ್ಯಾಲ ಓಡತೈತಿ ಎರಡ ಡಬ್ಬಿ ಗಾಡಿ, ಜಕ್ಕಪ್ಪರ ಹೆಸರ ಹೇಳತೀನಿ ಸೆರಗ ಮುಂದ ಮಾಡಿ.” ಒಡಪು ಎಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಇನ್ನೊಂದು ಹೇಳು, ಇನ್ನೊಂದು ಹೇಳು ಎಂದು ನಾವೇ ಗದ್ದಲ ಹಾಕಿದೆವು, ನಾನೂ ಹಾಕಿದೆ. ಹೀಗೆ ಮೂರು ಹೆಂಗಸರು ಮುಗಿಯುವಷ್ಟರಲ್ಲಿ ಸಾಹೇಬರು ಗಡಿಯಾರ ನೋಡಿಕೊಂಡರು. ಉಳಿದ ನಲವತ್ತು ಜನರ ಹೆಸರನ್ನು ಕಾರಕೂನ ಸರಸರ ಬರೆದ, ಗಂಡನ ಹೆಸರಿನ ಜಾಗದಲ್ಲಿ ಒಂದೊಂದು ಗೀಟು ಎಳೆದ. ನಗುತ್ತಲೇ ಮನೆಗೆ ಬಂದೆವು.

ನಗು ನಿಂತದ್ದು ತಿಂಗಳಿನ ಕೊನೆಗೆ. ಟೈಪು ಮಾಡಿದ ಪಟ್ಟಿ ಬಂತು. ಸ್ಟೇಶನ್ ಮಾಸ್ತರ ರಾಜಾರಾಮ ಅದನ್ನು ಗೋಡೆಗೆ ಹಚ್ಚಿ ನಮಗೆ ಕನ್ನಡದಲ್ಲಿ ಓದಿ ಹೇಳಿದರು. ಗೀಟು ಇದ್ದಲ್ಲೆಲ್ಲ “ಗಂಡ: ಇಲ್ಲ” ಎಂದಿತ್ತು. ಕೆಳಗೆ ಷರಾ: ಮಾಹಿತಿ ಅಪೂರ್ಣ, ಈ ಹೆಸರುಗಳನ್ನು ಲೆಕ್ಕಕ್ಕೆ ಹಿಡಿಯಲಾಗಿಲ್ಲ. ಆಯುಷ್ಯ ಕಾಯಲು ಹೋಗಿ ಮನೆ ಮನೆಯಲ್ಲೂ ಗಂಡನೇ ಇಲ್ಲದ ಹಾಗೆ ಮಾಡಿಕೊಂಡಿದ್ದೆವು. ಕೆಲವರು ಅಲ್ಲೇ ಅತ್ತರು. ಅತ್ತೆ ಅಳಲಿಲ್ಲ. ಕೋಲು ಊರಿಕೊಂಡು ಮಾಸ್ತರರ ಮೇಜಿನ ತನಕ ಹೋಗಿ, “ನನ್ನ ಮಗಾ ಇಚಲಕರಂಜ್ಯಾಗ ಗುಂಡಕಲ್ಲಿನಂಗ ಅದಾನ. ಇಲ್ಲಂತ ಬರದಾಂವನ ಕೈ ತೋರಸ್ರಿ ನನಗ” ಎಂದರು. ಪಾಪ ರಾಜಾರಾಮ, ಮೇಲಿನವರಿಗೆ ಬರೆದು, ಕಾಡಿ ಬೇಡಿ ಇನ್ನೊಂದು ದಿನ ತರಿಸಿದರು. ಫೆಬ್ರವರಿ ಹದಿನಾಲ್ಕು, ಮಂಗಳವಾರ. ಒಟ್ಟು ಅರ್ಧ ಗಂಟೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ.

ನಡುವಿನ ದಿನಗಳಲ್ಲಿ ಎಲ್ಲ ಉಪಾಯ ನೋಡಿದೆವು. ಸುಮಿತ್ರಾಳ ಕೈಯಲ್ಲಿ ಚೀಟಿ ಬರೆಸೋಣವೆಂದರೆ ಚೀಟಿ ನಡೆಯುವುದಿಲ್ಲ. ನನ್ನವರ ಹೆಸರು ಪಕ್ಕದಲ್ಲಿ ನಿಂತವಳು ಹೇಳಲಿ, ಅವಳ ಗಂಡನದು ನಾನು ಹೇಳುತ್ತೇನೆ ಎಂದರೆ ಅದೂ ಆಗದು, ಅವರವರದು ಅವರವರೇ. ಗಂಡಸರೇ ಬರಲಿ ಎಂದರೆ, ಗಾಡಿ ಹತ್ತದವರನ್ನು ಹಿಡಿಯುವುದಿಲ್ಲವಂತೆ. ಒಡಪು ಚಿಕ್ಕದು ಮಾಡೋಣ ಎಂದು ಸೋನಾಬಾಯಿ ತಾಲೀಮು ಮಾಡಿಸಿದಳು. ಎಷ್ಟು ಚಿಕ್ಕದು ಮಾಡಿದರೂ ನಗುವುದಕ್ಕೇ ಅರ್ಧ ಗಂಟೆ ಬೇಕಾಗುತ್ತಿತ್ತು.

ಮಂಗಳವಾರ ಸಾಹೇಬರು ಬಂದರು, ಅರ್ಧ ಗಂಟೆ ಕುಳಿತರು, ಎದ್ದು ಹೋದರು. ನಲವತ್ಮೂರು ಹೆಸರೂ ಪೂರ್ತಿ ಬರೆದಾಗಿದೆ, ಒಂದೂ ಗೀಟಿಲ್ಲ. ಬರುವ ವರ್ಷದ ಮಾರ್ಚ್‌ತನಕ ಗಾಡಿ ಓಡುತ್ತದೆ, ಆಮೇಲೆ ಮತ್ತೆ ನೋಡುತ್ತೇವೆ ಎಂದಿದ್ದಾರೆ. ನೋಡುತ್ತೇವೆ ಎಂದರೆ ಏನೆಂದು ಮಾಸ್ತರರನ್ನು ಕೇಳಿದೆ. “ನನಗೂ ಗೊತ್ತಿಲ್ಲವ್ವಾ, ನನ್ನ ನೌಕರಿನೂ ಅದರಾಗ ಐತಿ” ಎಂದರು. ಈ ಹಳಿಯ ಮೇಲೆ ಇನ್ನೂ ಎಷ್ಟು ವರ್ಷ ಗಾಡಿ ಓಡುತ್ತದೋ, ಹೇಳುವವರು ಯಾರೂ ಇಲ್ಲ. ಸದ್ಯಕ್ಕೆ ಬೆಳಗ್ಗೆ ಆರೂನಲವತ್ತಕ್ಕೆ ಹೊರಡುತ್ತದೆ, ನಾವು ಹತ್ತುತ್ತೇವೆ.

ಸುಮಿತ್ರಾಳಿಗೆ ಭೂಗೋಳ ಪಟದ ಪುಸ್ತಕ ಬೇಕಂತೆ, ಬರುವಾಗ ತನ್ನಿ. ಅತ್ತೆಗೆ ಸಂಧಿವಾತದ ಎಣ್ಣೆ ಮರೆಯಬೇಡಿ. ಹೊಸ ಕರುವಿಗೆ ಸುಮಿತ್ರಾ ‘ಇಂಜಿನ್’ ಎಂದು ಹೆಸರಿಟ್ಟಿದ್ದಾಳೆ, ಹೆಣ್ಣುಗರು ಎಂದರೂ ಕೇಳಲಿಲ್ಲ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣು ಎಂದೂ ಹೇಳಿದ್ದಾರೆ. ಮಗಳ ಪ್ರಣಾಮ. ದೇವರು ನಿಮ್ಮನ್ನು ನೂರು ವರ್ಷ ಚೆನ್ನಾಗಿಟ್ಟಿರಲಿ.

ನಿಮ್ಮ,
ಸಕ್ಕುಬಾಯಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಇದನ್ನು ಬರೆಯದೆ ಕಳಿಸಲಾರೆ. ಮಂಗಳವಾರ ಎಲ್ಲರಿಗಿಂತ ಮುಂದೆ ನಿಂತವಳು ನಾನು. ಕಾರಕೂನ ಗಂಡನ ಹೆಸರು ಎಂದ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಗೋಡೆಯ ಮೇಲೆ ಇನ್ನೂ ಇದ್ದ ಆ “ಇಲ್ಲ” ಪಟ್ಟಿ ಕಣ್ಣಿಗೆ ಬಿತ್ತು. ಒಡಪು ಇಲ್ಲದೆ, ಸೆರಗು ಮುಂದೆ ಮಾಡದೆ, ಅಣ್ಣಾಸಾಬ ಎಂದುಬಿಟ್ಟೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಅತ್ತೆ ಇನ್ನು ನನ್ನನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಅವರದೇ ದನಿ ಬಂತು: “ನನ್ನದೂ ಬರಕೋರಿ. ಸಾವಕ್ಕ. ಗಂಡ ಲಗಮಣ್ಣ.” ಮಾವನವರು ತೀರಿ ಇಪ್ಪತ್ತು ವರ್ಷವಾದ ಮೇಲೆ ಅವರ ಬಾಯಲ್ಲಿ ಆ ಹೆಸರು ಬಂತು. ಆಮೇಲೆ ಯಾರೂ ತಡೆಯಲಿಲ್ಲ, ಒಬ್ಬರ ಹಿಂದೆ ಒಬ್ಬರು ಹೇಳಿದರು, ಕಾರಕೂನನ ಕೈಯೇ ಸೋತಿತು. ಮನೆಗೆ ಬಂದು ಕ್ಯಾನು ತೊಳೆಯುತ್ತ ಅತ್ತುಬಿಟ್ಟೆ, ನೀವು ಇಲ್ಲಿ ಇರಬೇಕಿತ್ತು ಅನ್ನಿಸಿತು. ಇವತ್ತಿಗೆ ನಾಲ್ಕು ದಿನ. ಕೆಟ್ಟ ಸುದ್ದಿಯ ತಾರು ಬಂದಿಲ್ಲ, ಆದ್ದರಿಂದ ಚೆನ್ನಾಗಿದ್ದೀರಿ ಎಂದು ತಿಳಿದಿದ್ದೇನೆ, ಆದರೂ ಈ ಪತ್ರ ಮುಟ್ಟಿದ ದಿನವೇ ಎರಡು ಸಾಲು ಬರೆಯಿರಿ. ಎಮ್ಮೆ ಮಾರುವುದಿಲ್ಲ. ಲಕೋಟೆಯ ಮೇಲೆ ಯಾವಾಗಲೂ ಸುಮಿತ್ರಾಳ ಅಕ್ಷರ ಇರುತ್ತಿತ್ತು, ಈ ಸಲ ಯಾರದೆಂದು ನೋಡಿದಿರಾ? ಮುಂದಿನ ರಜೆಗೆ ಸಂಜೆಯ ಗಾಡಿಗೇ ಬನ್ನಿ, ಸ್ಟೇಶನ್ನಿಗೆ ಬರುತ್ತೇನೆ. ಅಲ್ಲಿ ಹೆಸರು ಹಿಡಿದು ಕೂಗುವುದಿಲ್ಲ, ಹೆದರಬೇಡಿ.