ಬೀಪ್ ಬಂದರೆ ಎಸ್

ಜೂನ್ 3, ಬೆಳಿಗ್ಗೆ

ಇವತ್ತೂ ಏಳಲಿಲ್ಲ. ತಮ್ಮನಲ್ಲ, ಅವನ ಕಂಪ್ಯೂಟರ್. ಬಟನ್ ಒತ್ತಿ ಕಿವಿಗೊಟ್ಟು ಕೂತ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕಣ್ಣು ಕಾಣದವನಿಗೆ ಪರದೆಯನ್ನು ಓದಿ ಹೇಳುವ ಆ ದನಿಯೇ ಕಣ್ಣು. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವ ಕೆಲಸ ಅವನದು. ಸೋಮವಾರದೊಳಗೆ ಶುರು ಮಾಡದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಆಫೀಸಿನ ಮೇಡಂ ಫೋನ್ ಮಾಡಿದ್ದರು.

ಹೊಸದಾಗಿ ಸಿಸ್ಟಮ್ ಹಾಕಬೇಕು. ಅದಕ್ಕೆ ಪೆನ್ ಡ್ರೈವ್ ನಾನೇ ತಯಾರು ಮಾಡುತ್ತೇನೆ ಎಂದೆ.

"ಅಕ್ಕಾ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಬೀದಿಗೆಲ್ಲ ಕರೆಂಟ್ ತೆಗೆದೋಳು ನೀನು."

ಜೂನ್ 4

ನನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಸಿಸ್ಟಮ್ಮಿನ ಫೈಲ್ ಇಳಿಸಿ, ಪೆನ್ ಡ್ರೈವಿಗೆ ಹಾಕಿ, ತಮ್ಮನ ಕಂಪ್ಯೂಟರಿಗೆ ಚುಚ್ಚಿದೆ. ಅದು ಮೂಸಿಯೂ ನೋಡಲಿಲ್ಲ. ಕಂಪ್ಯೂಟರ್ ಅಂಗಡಿಯವನಿಗೆ ಫೋನ್.

"ಕಾಪಿ ಮಾಡಿದ್ರಾ? ಕಾಪಿ ಅಲ್ಲಮ್ಮ, ರೈಟ್ ಮಾಡ್ಬೇಕು. ಬರೀಬೇಕು."

"ದಿನಾ ಬರೀತೀನಲ್ಲಪ್ಪ."

"ಆ ಬರೆಯೋದಲ್ಲಮ್ಮಾ!"

ಅದಕ್ಕೊಂದು ಬೇರೆ ಪ್ರೋಗ್ರಾಮ್. ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಕೇಳಿತು. ಲ್ಯಾಪ್‌ಟಾಪಿನ ಡಿಸ್ಕನ್ನೇ ಆರಿಸಿಬಿಟ್ಟೆನೋ? ಪೆನ್ ಡ್ರೈವ್ ಕಿತ್ತು, ಪಟ್ಟಿಯಿಂದ ಯಾವ ಹೆಸರು ಮಾಯವಾಯಿತೆಂದು ನೋಡಿ, ಮತ್ತೆ ಚುಚ್ಚಿ, ಅದನ್ನೇ ಆರಿಸಿ "ಸರಿ" ಎಂದೆ.

ಜೂನ್ 6, ಶನಿವಾರ

ತಮ್ಮನ ಕಂಪ್ಯೂಟರಿನ ಪರದೆಯ ಮೇಲೆ ಆಯ್ಕೆಗಳ ಪಟ್ಟಿ ಬಂತು! ಬಂದ ಕೂಡಲೇ ಎಂಟರ್ ಒತ್ತಿದೆ. ಸರಸರ ಮುಂದೆ ಹೋಯಿತು… ಆದರೆ ತುಟಿ ಪಿಟಕ್ ಎನ್ನಲಿಲ್ಲ.

"ಮಾತಾಡ್ತಿಲ್ವಲ್ಲ ಅಕ್ಕಾ."

"ನಾನು ಓದಿ ಹೇಳ್ತೀನಿ ಬಿಡೋ."

"ನಾಳೆ? ನಾಡಿದ್ದು? ದಿನಾ ನನ್ನ ಪಕ್ಕ ಕೂತು ಓದ್ತೀಯಾ?"

ಪೆನ್ ಡ್ರೈವ್ ಕಿತ್ತು ಮೇಜಿನ ಮೇಲಿಟ್ಟ. ನಾನು ಅಡುಗೆಮನೆಗೆ ಬಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕೂರಲಾಗದು, ನಿಲ್ಲಲಾಗದು.

ಜೂನ್ 7, ಭಾನುವಾರ ಮಧ್ಯಾಹ್ನ

"ಮಾನಿಟರ್ ಆಫ್ ಮಾಡು" ಎಂದ.

"ಯಾಕೋ?"

"ಗೆಳೆಯನ್ನ ಕೇಳ್ದೆ. ಶುರುವಲ್ಲೇ ಬೀಪ್ ಬರುತ್ತಂತೆ. ಬಂದ್ರೆ ಎಸ್ ಒತ್ಬೇಕು, ಆಗ ಮಾತಾಡುತ್ತೆ. ನೀನು ಕಣ್ಣಿಗೆ ಕಂಡ ತಕ್ಷಣ ಒತ್ತಿಬಿಡ್ತೀಯ, ಕೇಳಿಸ್ಕೊಳಲ್ಲ."

ಆಫ್ ಮಾಡಿದೆ. ಅವನೇ ಪೆನ್ ಡ್ರೈವ್ ಚುಚ್ಚಿ ಬಟನ್ ಒತ್ತಿದ. ಇಬ್ಬರೂ ಕಿವಿಗೊಟ್ಟು ಕೂತೆವು. ಸಣ್ಣಗೆ — ಬೀಪ್. ನಿನ್ನೆಯೂ ಬಂದಿರಬೇಕು. ನಾನು ಓದುತ್ತಿದ್ದೆ.

ಎಸ್. ಎಂಟರ್. ಗೊಗ್ಗರು ದನಿಯೊಂದು ಗೊಣಗತೊಡಗಿತು.

"ಏಳಕ್ಕ, ಜಾಗ ಬಿಡು!"

ಬಾಗಿಲ ಬಳಿ ಕೂತು ಬರೆಯುತ್ತಿದ್ದೇನೆ. ಅದು ಪ್ರಶ್ನೆ ಕೇಳುತ್ತದೆ, ಇವನು ಉತ್ತರ ಒತ್ತುತ್ತಾನೆ. ತಪ್ಪು ಒತ್ತಿದನೇ? ಎದ್ದು ಮಾನಿಟರ್ ಆನ್ ಮಾಡಿ ಒಂದು ಸಲ ನೋಡಿಬಿಡಲೇ? ಕೈ ತುರಿಸುತ್ತಿದೆ…

"ಅಕ್ಕಾ."

"ಏನೋ? ನಾನು ಬರ್ಲಾ?"

"ಬೇಡ. ಆ ಪೆನ್ನು ಪರಪರ ಅಂತಿದೆ. ಇದು ಹೇಳೋದು ಕೇಳಿಸ್ತಿಲ್ಲ."

ಸರಿಯಪ್ಪ, ಪೆನ್ನು ನಿಲ್ಲಿಸ—